ಜಾನ್ ಡಂಕನ್ನನ ‘ಸಂತ ಬ್ರೈಡ್’: ಐತಿಹ್ಯವೂ ಚಿತ್ರವೂ

ಪ್ರಾಚೀನ ಐತಿಹ್ಯವನ್ನು ಆಧರಿಸಿದ ಚಿತ್ರವೊಂದನ್ನು ಇತಿಹಾಸದ ವಿದ್ಯಾರ್ಥಿಯು ಹೇಗೆ ನೋಡತಕ್ಕದ್ದು? ಚಿತ್ರಕಾರನು ಇತಿಹಾಸಕಾರನಲ್ಲ, ಅವನ ಕೃತಿಯಲ್ಲಿ ಕಾಲಗಣನೆಯ ದೋಷಗಳನ್ನು ಹುಡುಕುತ್ತ ಕೂಡುವುದು ಅರಸಿಕತೆಯೆಂದು ಸಾಹಿತ್ಯವಿಭಾಗದ ಮಿತ್ರರು ಹೇಳುವುದುಂಟು. ಆ ಮಾತನ್ನು ಬಹುಮಟ್ಟಿಗೆ ಒಪ್ಪುತ್ತೇನೆ. ಆದರೆ ಯಾವ ಐತಿಹ್ಯಕ್ಕೂ ಅದನ್ನು ತಮ್ಮ ಬಾಳಿನಲ್ಲಿ ನೆಚ್ಚಿಕೊಂಡ ಜನರಿರುತ್ತಾರೆ. ಚಿತ್ರವು ಅವರಿಂದ ಏನನ್ನು ಪಡೆಯಿತು, ಏನನ್ನು ಬಿಟ್ಟಿತು ಎಂದು ಕೇಳುವುದು ಅರಸಿಕತೆಯಾಗಲಾರದು. ಸ್ಕಾಟ್ಲೆಂಡಿನ ಜಾನ್ ಡಂಕನ್ (೧೮೬೬–೧೯೪೫) ೧೯೧೩ರಲ್ಲಿ ಬರೆದ ‘ಸಂತ ಬ್ರೈಡ್’ ಎಂಬ ಚಿತ್ರವನ್ನು ಈ ಪ್ರಶ್ನೆಯೊಡನೆ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಡಂಕನ್ನನು ಹುಟ್ಟಿದ್ದು ಡಂಡೀ ನಗರದಲ್ಲಿ. ವಂಗದೇಶದ ಸೆಣಬನ್ನು ನೂತು ನೇಯ್ದು ಬೆಳೆದ ಗಿರಣಿಗಳ ಊರು ಅದು. ಗೇಲಿಕ್ ಭಾಷೆಯನ್ನಾಡುವ ಪಶ್ಚಿಮದ ದ್ವೀಪಗಳಿಗೂ ಅದಕ್ಕೂ ದಾರಿಯೂ ದೂರ, ಜೀವನವೂ ದೂರ. ಅವನನ್ನು ಕೆಲ್ಟಿಕ್ ಪುನರುಜ್ಜೀವನದ ಕಡೆಗೆ ಸೆಳೆದವರಲ್ಲಿ ಮುಖ್ಯನು ಪ್ಯಾಟ್ರಿಕ್ ಗೆಡ್ಡಿಸ್. ೧೯೧೪ರಲ್ಲಿ ಭಾರತಕ್ಕೆ ಬಂದು ನಮ್ಮ ನಗರಗಳ ಮೇಲೆ ವರದಿಗಳನ್ನು ಬರೆದು, ೧೯೧೯ರಲ್ಲಿ ಮುಂಬಯಿ ವಿಶ್ವವಿದ್ಯಾನಿಲಯದ ಸಮಾಜಶಾಸ್ತ್ರದ ಪ್ರಾಧ್ಯಾಪಕನಾದ ಗೆಡ್ಡಿಸನೇ ಈತ. ೧೮೯೦ರ ದಶಕದಲ್ಲಿ ಗೆಡ್ಡಿಸನು ಎಡಿನ್‌ಬರೋದಿಂದ ಹೊರಡಿಸಿದ ‘ಎವರ್‌ಗ್ರೀನ್’ ಸಂಪುಟಗಳಿಗೆ ಡಂಕನ್ನನು ಅಲಂಕಾರಗಳನ್ನು ಬರೆದನು. ಅವನ ರಾಮ್‌ಸೇ ಗಾರ್ಡನ್ ಕಟ್ಟಡದಲ್ಲಿ ಭಿತ್ತಿಚಿತ್ರಗಳನ್ನೂ ಬರೆದನು. ಮುಂದೆ ಹೆಬ್ರಿಡೀಸ್ ದ್ವೀಪಗಳೇ ಅವನ ಯಾತ್ರಾಸ್ಥಳಗಳಾದವು. ಅವುಗಳಲ್ಲಿಯೂ ವಿಶೇಷವಾಗಿ ಅಯೋನಾ.

ಅಯೋನಾ ಒಂದು ಸಣ್ಣ ದ್ವೀಪ. ಕ್ರಿ. ಶ. ೫೬೩ರಲ್ಲಿ ಐರ್ಲೆಂಡಿನಿಂದ ಬಂದ ಸಂತ ಕೊಲಂಬನು ಅಲ್ಲಿ ಮಠವನ್ನು ಕಟ್ಟಿದನು. ೮೦೬ರಲ್ಲಿ ವೈಕಿಂಗ್ ದಾಳಿಗೆ ಸಿಕ್ಕಿ ಅಲ್ಲಿನ ೬೮ ಮಂದಿ ಹತರಾದರು. ಎಂಟನೆಯ ಶತಮಾನದ ಸಂತ ಮಾರ್ಟಿನನ ಶಿಲುಬೆ ಇಂದಿಗೂ ಅದೇ ನೆಲದಲ್ಲಿ ನಿಂತಿದೆ. ಆ ಕಾಲದ ಶಿಲುಬೆಗಳ ಮೇಲೂ ಕೈಬರೆಹದ ಗ್ರಂಥಗಳಲ್ಲೂ ಕಾಣುವ, ಕೊನೆಮೊದಲಿಲ್ಲದೆ ಹೆಣೆದುಕೊಂಡು ಹೋಗುವ ಬಳ್ಳಿಯ ಅಲಂಕಾರವನ್ನೇ ಡಂಕನ್ನನು ತನ್ನ ಚಿತ್ರದ ಅಂಚಿಗೆ ತೆಗೆದುಕೊಂಡಿದ್ದಾನೆ.

ಚಿತ್ರದ ವಸ್ತು ಇದು. ಇಬ್ಬರು ದೇವದೂತರು ಬಿಳಿಯುಡುಗೆಯ ಕನ್ಯೆಯೊಬ್ಬಳನ್ನು ತೋಳುಗಳಲ್ಲಿ ಎತ್ತಿಕೊಂಡು ಕಡಲಿನ ಮೇಲೆ ಹಾರುತ್ತಿದ್ದಾರೆ. ಅವಳೇ ಬ್ರೈಡ್. (ಇಂಗ್ಲಿಷಿನಲ್ಲಿ ವಧುವಿಗಿರುವ ಹೆಸರಿಗೂ ಇದಕ್ಕೂ ಸಂಬಂಧವಿಲ್ಲ, ಐರ್ಲೆಂಡಿನ ಬ್ರಿಜಿಡ್ ಎಂಬ ಹೆಸರಿನ ರೂಪಾಂತರವಿದು.) ಕ್ರಿಸ್ತನ ಜನನಕಾಲಕ್ಕೆ ಅವಳನ್ನು ಅಯೋನಾದಿಂದ ಬೆತ್ಲೆಹೇಮಿಗೆ ಒಯ್ಯಲಾಗುತ್ತಿದೆ. ಕೆಳಗೆ ಕಡಲಿನಲ್ಲಿ ಸೀಲ್, ಸುತ್ತಲೂ ಕಡಲಹಕ್ಕಿಗಳು. ದೇವದೂತರ ನಿಲುವಂಗಿಗಳ ಮೇಲೆ ಕ್ರಿಸ್ತಕಥೆಯ ದೃಶ್ಯಗಳು ನೆಯ್ದಂತೆ ಚಿತ್ರಿತವಾಗಿವೆ. ಮುಂದೆ ನಡೆಯಬೇಕಾದುದನ್ನು ಒಯ್ಯುವವರು ಈಗಲೇ ಮೈಮೇಲೆ ಹೊತ್ತಿದ್ದಾರೆ. ಟೆಂಪರಾ ಎಂಬ ಹಳೆಯ ಇಟಲಿಯ ಪದ್ಧತಿಯಲ್ಲಿ ಬರೆದುದರಿಂದ ಬಣ್ಣಕ್ಕೆ ತೈಲಚಿತ್ರದ ಆಳವಿಲ್ಲ, ಗೋಡೆಯ ಚಿತ್ರದ ನಿರ್ಮಲತೆಯಿದೆ. ದೇವದೂತರ ಪಾದವೂ ರೆಕ್ಕೆಯೂ ಹೆಣಿಗೆಯ ಅಂಚನ್ನು ದಾಟಿ ಹೊರಚಾಚಿರುವುದೇ ಈ ಕೃತಿಯ ಉತ್ತಮಾಂಶವೆಂದು ನನ್ನ ಅಭಿಪ್ರಾಯ. ಎಂಟನೆಯ ಶತಮಾನದ ಅಲಂಕಾರವನ್ನು ಸುಮ್ಮನೆ ನಕಲು ಮಾಡಿದ್ದರೆ ಅದು ವಸ್ತುಸಂಗ್ರಹಾಲಯದ ಪಟ್ಟಿಯಾಗುತ್ತಿತ್ತು. ಇಲ್ಲಿ ಕಥೆಯು ಚೌಕಟ್ಟನ್ನು ಮೀರಿ ನಡೆದಿದೆ.

ಇನ್ನು ಐತಿಹ್ಯದ ವಿಚಾರ. ಕಿಲ್ಡೇರಿನ ಬ್ರಿಜಿಡ್ ಬಾಳಿದ್ದು ಐದು-ಆರನೆಯ ಶತಮಾನಗಳಲ್ಲೆಂದು ಸಂಪ್ರದಾಯ. ಅವಳು ಕ್ರಿಸ್ತನ ಜನನಕ್ಕೆ ಸಾಕ್ಷಿಯಾಗಬೇಕಾದರೆ ನಾಲ್ಕುನೂರಕ್ಕೂ ಹೆಚ್ಚು ವರ್ಷ ಹಿಂದಕ್ಕೆ ಹೋಗಬೇಕು. ಆಗ ಅಯೋನಾದಲ್ಲಿ ಮಠವೇ ಇಲ್ಲ. ಜನರ ನಂಬಿಕೆಗೆ ಇದು ಅಡ್ಡಿಯಾಗಲಿಲ್ಲ, ನಮಗೂ ಆಗಬೇಕಿಲ್ಲ. ಗಮನಿಸತಕ್ಕ ಸಂಗತಿ ಬೇರೆ. ಸುಂಕದ ಇಲಾಖೆಯ ಅಧಿಕಾರಿಯಾಗಿದ್ದ ಅಲೆಗ್ಸಾಂಡರ್ ಕಾರ್ಮೈಕೇಲನು ದ್ವೀಪಗಳಲ್ಲಿ ದಶಕಗಳ ಕಾಲ ಸಂಗ್ರಹಿಸಿ ೧೯೦೦ರಲ್ಲಿ ಪ್ರಕಟಿಸಿದ ‘ಕಾರ್ಮಿನಾ ಗಡೇಲಿಕಾ’ದಲ್ಲಿ ಬ್ರೈಡಳು ಬೆತ್ಲೆಹೇಮಿನ ಛತ್ರದ ಸೇವಕಿ. ಅವಳು ಅಯೋನಾದ ಕನ್ಯೆಯಾಗಿ ಓದುಗರಿಗೆ ಪರಿಚಿತಳಾದದ್ದು ಹೆಚ್ಚಾಗಿ ‘ಫಿಯೋನಾ ಮಕ್ಲೌಡ್’ ಎಂಬ ಲೇಖಕಿಯ ಬರೆಹದಿಂದ. ಅಂಥ ಲೇಖಕಿಯೇ ಇರಲಿಲ್ಲ. ಅದು ಗೆಡ್ಡಿಸನ ಬಳಗದವನೇ ಆದ ವಿಲಿಯಂ ಶಾರ್ಪನ ಗುಪ್ತನಾಮ. ೧೯೦೫ರಲ್ಲಿ ಅವನು ತೀರಿಕೊಂಡ ಬಳಿಕ ರಹಸ್ಯ ಬಯಲಾಯಿತು. ಕಾರ್ಮೈಕೇಲನೂ ತಾನು ಕೇಳಿದ ಪಾಠಗಳನ್ನು ತಿದ್ದಿ ನಯಗೊಳಿಸಿದನೆಂಬ ಆಕ್ಷೇಪವು ೧೯೭೦ರ ದಶಕದಲ್ಲಿ ಪಂಡಿತರ ನಡುವೆ ದೊಡ್ಡ ವಾದವಾಯಿತು. ಆದರೂ ಅವನು ಮನೆಗಳೊಳಗೆ ಕುಳಿತು ಕೇಳಿದವನು.

ಅವನು ದಾಖಲಿಸಿದ ಒಂದು ಆಚಾರವನ್ನು ಚಿತ್ರದ ಪಕ್ಕದಲ್ಲಿಟ್ಟು ನೋಡಬೇಕು. ಹೆರಿಗೆಯ ಮನೆಯಲ್ಲಿ ಸೂಲಗಿತ್ತಿಯು ಬಾಗಿಲಿಗೆ ಬಂದು, ಬಾಗಿಲುವಾಡದ ಎರಡು ತೋಳುಗಳ ಮೇಲೂ ಕೈಯೂರಿ, ಒಳಗೆ ಬಾರೆಂದು ಮೆಲುದನಿಯಲ್ಲಿ ಬ್ರೈಡಳನ್ನು ಕರೆಯುತ್ತಿದ್ದಳು. ಕ್ರಿಸ್ತನ ಜನನಕ್ಕೆ ನೆರವಾದವಳು ಈ ಬಡವಳ ಹೆರಿಗೆಗೂ ನೆರವಾಗಬೇಕು. ಗಾಳಿಯೆದ್ದರೆ ದೋಣಿ ಬಾರದ ದ್ವೀಪಗಳಲ್ಲಿ ಆ ಕರೆಯು ಅಲಂಕಾರವಲ್ಲ, ಅವಶ್ಯಕತೆ. ಬ್ರೈಡಳೆಂದರೆ ಮೊದಲಿಗೆ ಒಂದು ಜೊತೆ ಕೈಗಳು.

ಡಂಕನ್ನನು ಆ ಕೈಗಳನ್ನು ಜೋಡಿಸಿ ಮುಚ್ಚಿಬಿಟ್ಟಿದ್ದಾನೆ. ಅವನ ಬ್ರೈಡ್ ಪ್ರಾರ್ಥನೆಯಲ್ಲಿ ಕೈಮುಗಿದಿದ್ದಾಳೆ. ಅವಳು ಹೋಗುತ್ತಿಲ್ಲ, ಒಯ್ಯಲ್ಪಡುತ್ತಿದ್ದಾಳೆ. ಸೂಲಗಿತ್ತಿಯ ದೇವತೆಯು ಇಲ್ಲಿ ಸ್ವಪ್ನಕನ್ಯೆಯಾಗಿದ್ದಾಳೆ. ಚಿತ್ರದ ಶಾಂತಿಯು ಈ ಬದಲಾವಣೆಯಿಂದಲೇ ಬಂದದ್ದೆಂಬುದನ್ನು ನಾನು ಮರೆತಿಲ್ಲ. ಆದರೆ ಅದಕ್ಕೆ ಕೊಟ್ಟ ಬೆಲೆ ಸಣ್ಣದಲ್ಲ.

ಆ ದ್ವೀಪಗಳ ಇತಿಹಾಸವನ್ನು ನೆನೆದರೆ ಈ ಕೊರತೆ ಇನ್ನಷ್ಟು ತೋರುತ್ತದೆ. ಡಂಕನ್ನನು ಕೆಲಸ ಮಾಡಿದ ದ್ವೀಪಗಳಲ್ಲಿ ಎರಿಸ್ಕೆಯೂ ಒಂದು. ಗಾಯಕಿ ಮಾರ್ಜರಿ ಕೆನಡಿ-ಫ್ರೇಸರಳು ೧೯೦೫ರಲ್ಲಿ ಹಾಡುಗಳ ಸಂಗ್ರಹಕ್ಕೆಂದು ಅಲ್ಲಿಗೆ ಹೋದದ್ದು ಅವನ ಸಲಹೆಯಿಂದಲೇ. ಆ ಕಲ್ಲುನೆಲದಲ್ಲಿ ಜನ ನೆಲಸಿದ್ದು ಭಕ್ತಿಯಿಂದಲ್ಲ. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಭೂಮಾಲೀಕನು ಕುರಿಗಳಿಗಾಗಿ ನೆರೆಯ ದ್ವೀಪಗಳ ಒಕ್ಕಲುಗಳನ್ನು ಎಬ್ಬಿಸಿದನು. ಹಲವರನ್ನು ಹಡಗು ಹತ್ತಿಸಿ ಕೆನಡಕ್ಕೆ ಸಾಗಿಸಲಾಯಿತು, ಕೆಲವರು ಎರಿಸ್ಕೆಗೆ ಬಂದರು. ಒಕ್ಕಲುಗಳಿಗೆ ನೆಲದ ಮೇಲೆ ಕಾನೂನಿನ ಭದ್ರತೆ ದೊರೆತದ್ದು ೧೮೮೬ರಲ್ಲಿ. ಚಿತ್ರದ ಕಡಲ ಮೇಲೆ ಸೀಲ್ ಇದೆ, ಹಕ್ಕಿಯಿದೆ. ಒಂದು ದೋಣಿಯಿಲ್ಲ, ಹೊಗೆಯಾಡುವ ಒಂದು ಮಾಡಿಲ್ಲ.

೧೯೧೧ರ ‘ಷೀ ಜನರ ಸವಾರಿ’ಯ ವಿಚಾರದಲ್ಲಿ ಇಷ್ಟು ತಡೆಯಬೇಕಾದ ಕಾರಣವಿಲ್ಲ. ಗುಡ್ಡಗಳೊಳಗೆ ವಾಸಿಸುವರೆಂದು ನಂಬಲಾದ ಅಮಾನುಷ ಜನರು ಮರದ ಕೊಂಬೆ, ಪಾತ್ರೆ, ಕತ್ತಿ, ಕಲ್ಲುಗಳನ್ನು ಹಿಡಿದು ಕುದುರೆಗಳ ಮೇಲೆ ಸಾಗುತ್ತಾರೆ. ಪ್ರತಿಯೊಂದಕ್ಕೂ ಸಂಕೇತಾರ್ಥವುಂಟು, ಅದನ್ನು ಯಾರಾದರೂ ಹೇಳಿಕೊಡಬೇಕು. ‘ಸಂತ ಬ್ರೈಡ್’ ಅಂಥ ವ್ಯಾಖ್ಯಾನವನ್ನು ಬೇಡುವುದಿಲ್ಲ. ಆ ದೃಷ್ಟಿಯಿಂದ ಇದೇ ಹೆಚ್ಚಿನ ಕೃತಿ.

ಈ ಚಿತ್ರವು ಎಡಿನ್‌ಬರೋದ ರಾಷ್ಟ್ರೀಯ ಸಂಗ್ರಹದಲ್ಲಿದೆ. ಕಾರ್ಮೈಕೇಲನ ಟಿಪ್ಪಣಿಪುಸ್ತಕಗಳು ಅದೇ ನಗರದ ವಿಶ್ವವಿದ್ಯಾನಿಲಯದ ಗ್ರಂಥಭಂಡಾರದಲ್ಲಿವೆ. ನಮ್ಮ ವಿದ್ಯಾರ್ಥಿಗಳಲ್ಲಿ ಯಾರಿಗಾದರೂ ಅಲ್ಲಿಗೆ ಹೋಗುವ ಅವಕಾಶ ದೊರೆತರೆ ಎರಡನ್ನೂ ಒಂದೇ ದಿನ ನೋಡಲಿ, ಮೊದಲು ಟಿಪ್ಪಣಿಪುಸ್ತಕಗಳನ್ನು.