ನಡುಹಗಲ ಪತಂಗ

ಪತಂಗ ನೋಡುವ ಹುಚ್ಚಿನವರು ರಾತ್ರಿ ಬಿಳಿ ಬಟ್ಟೆ ಕಟ್ಟಿ, ದೀಪ ಹಚ್ಚಿ, ಸೊಳ್ಳೆ ಕಚ್ಚಿಸಿಕೊಂಡು ಕೂರುತ್ತಾರೆ. ಆಗ್ನೇಯ ಆಸ್ಟ್ರೇಲಿಯಾದ ‘ಗೋಲ್ಡನ್ ಸನ್ ಮಾತ್’ಗೆ ಈ ಸರಂಜಾಮೆಲ್ಲ ದಂಡ. ಅದು ಹಾರುವುದು ಅಲ್ಲಿನ ಬೇಸಿಗೆ ಕಾಲಿಡುವ ನವೆಂಬರ್, ಡಿಸೆಂಬರ್‌ನಲ್ಲಿ, ಅದೂ ಹೆಚ್ಚಾಗಿ ಬೆಳಿಗ್ಗೆ 10ರಿಂದ ಮಧ್ಯಾಹ್ನ 2ರ ರಣಬಿಸಿಲಲ್ಲಿ. ಮೋಡ ಕವಿದರೆ ಆವತ್ತು ರಜೆ. ಮೀಸೆಯ ತುದಿಯೂ ಚಿಟ್ಟೆಯದರ ಹಾಗೆ ಗುಂಡಗೆ. ಹೊಸಬರು ಚಿಟ್ಟೆಯೆಂದೇ ಬರೆದುಕೊಳ್ಳುತ್ತಾರೆ.

ಗಂಡು ಹುಲ್ಲಿನ ಮೇಲೆ ಒಂದು ಮೀಟರ್ ಎತ್ತರದಲ್ಲಿ ಬಿರಬಿರನೆ ಸುತ್ತುತ್ತಿರುತ್ತದೆ. ಹೆಣ್ಣಿಗೆ ಹಾರಾಟ ಅಷ್ಟಕ್ಕಷ್ಟೆ. ಹುಲ್ಲಿನ ಬುಡಗಳ ನಡುವಿನ ಬರಿನೆಲದಲ್ಲಿ ಕೂತು, ಬೂದು ಮುಂರೆಕ್ಕೆ ಸರಿಸಿ, ಹೊಂಗಿತ್ತಳೆ ಹಿಂರೆಕ್ಕೆಯನ್ನು ಮಿಂಚಿಸಿ ಗಂಡನ್ನು ಕರೆಯುತ್ತದೆ. ಎರಡಕ್ಕೂ ಉಣ್ಣುವ ಬಾಯಿಲ್ಲ. ರೆಕ್ಕೆ ಬಂದ ಮೇಲೆ ನಾಲ್ಕೈದು ದಿನ ಬದುಕಿದರೆ ಹೆಚ್ಚು; ಉಳಿದ ಆಯಸ್ಸೆಲ್ಲ ಮಣ್ಣಿನೊಳಗೆ ಹುಳುವಾಗಿ ‘ವಾಲಬಿ’ ಹುಲ್ಲಿನ ಬೇರು ತಿನ್ನುತ್ತಾ ಕಳೆದುಹೋಗಿರುತ್ತದೆ. ಪತಂಗ ಹಾರಿಹೋದ ಮೇಲೂ ಖಾಲಿ ಕೋಶದ ಸಿಪ್ಪೆ ನೆಲದಿಂದ ಇಣುಕುತ್ತಿರುತ್ತದೆ. ಬಲ್ಲವರು ಮೊಣಕಾಲೂರಿ ಹುಡುಕುವುದು ಅದನ್ನೇ.

ಗಂಡು ಕೂಡ ತನ್ನ ಹುಲ್ಲು ಬಿಟ್ಟು ನೂರು ಮೀಟರ್ ಆಚೆ ಹೋಗುವುದು ಅಪರೂಪ. ಹಾಗಾಗಿ ನಡುವೆ ಒಂದು ಬಡಾವಣೆ ಎದ್ದರೆ ಸಾಕು, ಇಕ್ಕೆಲದ ಸಂಸಾರಗಳಿಗೆ ಸಂಬಂಧ ಕಡಿಯಿತು. ನೇಗಿಲು ಮತ್ತು ಗೊಬ್ಬರ ಸೇರಿ ಆ ಸಹಜ ಹುಲ್ಲುಗಾವಲನ್ನು ಮೊದಲೇ ಚೂರುಚೂರು ಮಾಡಿದ್ದವು. ಈಗ ಮನೆಗಳ ಸರದಿ. ಮೆಲ್ಬರ್ನಿನ ಪಶ್ಚಿಮದ ಬಸಾಲ್ಟ್ ಬಯಲಿನಲ್ಲಿ ಮನೆ ಕೊಂಡ ಕನ್ನಡಿಗರೂ ಇದ್ದಾರೆ. ಡಿಸೆಂಬರಿನ ಬಿಸಿಲಲ್ಲಿ ಬೇಲಿಯಾಚೆ ಕಣ್ಣು ಹಾಯಿಸಲು ಅವರಿಗೇನು ಖರ್ಚು?

ಉಳಿದ ಹುಲ್ಲುಗಾವಲಿಗೆ ಬರೀ ಬೇಲಿ ಹಾಕಿ ಕೈಕಟ್ಟಿ ಕೂತರೂ ಆಗದು. ಹುಲ್ಲು ಒತ್ತಾಗಿ ಬೆಳೆದರೆ ಬರಿನೆಲ ಮುಚ್ಚಿಹೋಗಿ ಹೆಣ್ಣಿನ ಮಿಂಚು ಯಾರಿಗೂ ಕಾಣದು. ಕುರಿ ಹದವಾಗಿ ಮೇದ ಜಾಗವೇ ವಾಸಿ.

ತಮಾಷೆ ಇನ್ನೂ ಇದೆ. ದಕ್ಷಿಣ ಅಮೆರಿಕದಿಂದ ಬಂದ ಚಿಲಿಯನ್ ಸೂಜಿಹುಲ್ಲು ಆಸ್ಟ್ರೇಲಿಯಾದಲ್ಲಿ ಕುಖ್ಯಾತ ಕಳೆ. ಈ ಪತಂಗ ಅದರ ಬೇರಿಗೂ ಒಗ್ಗಿಕೊಂಡಿದೆ! 2002ರಲ್ಲಿ ಆ ದೇಶದ ‘ತೀವ್ರ ಅಪಾಯದಂಚಿನ’ ಪಟ್ಟಿ ಸೇರಿದ್ದ ಪತಂಗವನ್ನು, ಹೊಸ ನೆಲೆಗಳು ಸಿಕ್ಕಮೇಲೆ, 2021ರಲ್ಲಿ ಕೆಳಗಿನ ದರ್ಜೆಗೆ ಇಳಿಸಿದರು. ಈಗ ಆ ಕಳೆಯನ್ನು ಒಮ್ಮೆಲೇ ಕಿತ್ತರೆ ಹುಳು ಉಪವಾಸ, ಬಿಟ್ಟರೆ ವಾಲಬಿ ಹುಲ್ಲಿಗೇ ಸಂಚಕಾರ. ನನ್ನನ್ನು ಕೇಳಿದರೆ, ತುಂಡು ತುಂಡಾಗಿ ಕೀಳಲಿ, ಕಿತ್ತ ಕಡೆ ವಾಲಬಿ ಹುಲ್ಲು ಬೇರು ಬಿಟ್ಟಮೇಲೆ ಮುಂದಿನ ತುಂಡಿಗೆ ಕೈಹಾಕಲಿ.