ತನ್ನ ಬದುವನ್ನು ತಾನೇ ಕಟ್ಟುವ ನೀರು

ಟರ್ಕಿಯ ಪಾಮುಕ್ಕಲೆಗೆ ಹೋದವರು ತಿಳಿನೀಲಿ ಕೊಳದ ಮುಂದೆ ಫೋಟೊ ತೆಗೆಸಿಕೊಂಡು ಬರುತ್ತಾರೆ. ಬಿಸಿನೀರ ಬುಗ್ಗೆಗಳ ಹುಚ್ಚು ಹತ್ತಿದವರ ಕಣ್ಣು ಮಾತ್ರ ಮೊದಲು ಹೋಗುವುದು ಕೊಳದ ಅಂಚಿಗೆ.

ನೆಲದೊಳಗೆ ಇಂಗಾಲದ ಡೈಆಕ್ಸೈಡ್ ತುಂಬಿಕೊಂಡ ನೀರು ಸುಣ್ಣಕಲ್ಲನ್ನು ಕರಗಿಸಿಕೊಂಡೇ ಮೇಲೆ ಬರುತ್ತದೆ. ಪಾಮುಕ್ಕಲೆಯಲ್ಲಿ ಇಳಿಜಾರಿಗೆ ಹರಿಯುವ ನೀರಿನ ಬಿಸಿ ಸುಮಾರು 35 ಡಿಗ್ರಿ ಸೆಲ್ಸಿಯಸ್. ಗಾಳಿ ಸೋಕಿದೊಡನೆ ಅನಿಲ ಹಾರಿಹೋಗುತ್ತದೆ, ಹೊರಲಾಗದ ಸುಣ್ಣವನ್ನು ನೀರು ಕೆಳಗಿಳಿಸುತ್ತದೆ. ಮೊದಲು ಮೆತ್ತಗಿನ ಲೋಳೆ, ಆಮೇಲೆ ಗಟ್ಟಿ ಕಲ್ಲು. ಅದೇ ಟ್ರಾವರ್ಟೈನ್.

ಕೊಳ ತುಂಬಿ ಚೆಲ್ಲುವಲ್ಲಿ ನೀರು ತೆಳುವಾಗಿ, ಚುರುಕಾಗಿ ಇಳಿಯುತ್ತದೆ. ಅನಿಲ ಹೆಚ್ಚು ಹೊರಬೀಳುವುದೂ ಸುಣ್ಣ ಹೆಚ್ಚು ಕೂರುವುದೂ ಅಲ್ಲಿಯೇ. ಅಂಚು ಎಲ್ಲಿ ತಗ್ಗಿದೆಯೋ ಅಲ್ಲಿ ನೀರು ನುಗ್ಗುತ್ತದೆ, ನುಗ್ಗಿದಲ್ಲೇ ಕಲ್ಲು ಬೆಳೆದು ತಗ್ಗು ತುಂಬುತ್ತದೆ. ಗದ್ದೆಯ ಬದು ಒಡೆದರೆ ರೈತ ಗುದ್ದಲಿ ಹಿಡಿದು ಓಡಬೇಕು. ಇಲ್ಲಿ ಒಡಕು ಮುಚ್ಚುವುದೂ ಹರಿಯುವ ನೀರೇ.

ನೀರು ತಪ್ಪಿತೋ, ಕಟ್ಟೋಣ ನಿಂತಿತು. ಪಾಮುಕ್ಕಲೆಯ ನೆತ್ತಿಯಲ್ಲಿ, ಹಿಯರಾಪೊಲಿಸ್ ಎಂಬ ಪ್ರಾಚೀನ ನಗರದ ಅವಶೇಷಗಳ ನಡುವೆ ಒಂದು ಕಾಲಕ್ಕೆ ಹೋಟೆಲುಗಳೆದ್ದು ಬುಗ್ಗೆಯ ನೀರನ್ನು ತಮ್ಮ ಈಜುಕೊಳಗಳಿಗೆ ತಿರುಗಿಸಿಕೊಂಡವು, ಇಳಿಜಾರು ಕಳೆಗುಂದಿತು. 1988ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಬಳಿಕ ಆ ಹೋಟೆಲುಗಳನ್ನು ಕೆಡವಲಾಯಿತು. ಹಳೆಯ ರಸ್ತೆಯ ಮೇಲೆ ಮನುಷ್ಯರೇ ಕಟ್ಟಿದ ಕೊಳಗಳಲ್ಲಿ ಈಗ ಪ್ರವಾಸಿಗರು ಬರಿಗಾಲಲ್ಲಿ ನಡೆಯುತ್ತಾರೆ. ಇಳಿಜಾರಿಗೆ ನೀರು ಬಿಡುವುದು ಸರದಿಯ ಮೇಲೆ: ಎಡೆಬಿಡದೆ ಹರಿದರೆ ಪಾಚಿ ಕಟ್ಟುತ್ತದೆ, ನಡುನಡುವೆ ಬಿಸಿಲಿಗೆ ಒಣಗಿದರೆ ಬಿಳುಪು ಉಳಿಯುತ್ತದೆ.

ಅಮೆರಿಕದ ಯೆಲ್ಲೊಸ್ಟೋನ್‌ನಲ್ಲಿರುವ ಮ್ಯಾಮತ್ ಬುಗ್ಗೆಗಳಿಗೆ ಇಂಥ ಸರದಿಯಿಲ್ಲ. ನೆಲದೊಳಗಿನ ದಾರಿ ಬದಲಾದಂತೆ ನೀರು ತನ್ನಿಷ್ಟದಂತೆ ಜಾಗ ಬದಲಿಸುತ್ತದೆ. ಅಲ್ಲಿನ ಮಿನರ್ವ ಮೆಟ್ಟಿಲಸಾಲು 20ನೇ ಶತಮಾನದ ಆರಂಭದಲ್ಲಿ ಕೆಲವು ವರ್ಷ ಪೂರ್ತಿ ಬತ್ತಿತ್ತು. 1951ರ ಹೊತ್ತಿಗೆ ಮತ್ತೆ ಹರಿಯುತ್ತಿತ್ತು. ಹರಿವಿರುವಲ್ಲಿ ಬಿಸಿನೀರಲ್ಲೇ ಬಾಳುವ ಸೂಕ್ಷ್ಮಜೀವಿಗಳು ಕಿತ್ತಳೆ, ಕಂದು, ಹಸಿರು ಬಣ್ಣ ಬಳಿಯುತ್ತವೆ. ಬತ್ತಿದ ಭಾಗ ಬೂದುಬಣ್ಣಕ್ಕೆ ತಿರುಗಿ, ಪುಡಿಯಾಗತೊಡಗುತ್ತದೆ.

ಒಣಗಿದ ಮೆಟ್ಟಿಲ ಮುಂದೆ ನಿಂತು, ಬಂದದ್ದು ದಂಡವಾಯಿತೆಂದು ಗೊಣಗುವವರಿದ್ದಾರೆ. ನೀರಿನ ಹೊಳಪು ಮುಚ್ಚಿಟ್ಟಿದ್ದ ಪದರಗಳು ಬಿಡಿಬಿಡಿಯಾಗಿ ಕಾಣುವುದು ಆಗಲೇ. ಬಿಳುಪೇ ಬೇಕೆನ್ನುವವರು ಪಾಮುಕ್ಕಲೆಗೆ ಹೋಗಲಿ. ಕಟ್ಟುವ ಕೆಲಸವನ್ನೂ ಕೆಲಸ ನಿಂತ ಮೇಲಿನ ಕಟ್ಟಡವನ್ನೂ ಒಂದೇ ಗುಡ್ಡದಲ್ಲಿ ತೋರಿಸುವ ಮ್ಯಾಮತ್‌ಗೆ ನನ್ನ ಮತ.