ಸಾವಯವ, ವಿಘಟನ, ಜರಣ: ಕಡಲಡಿಯ ಕೆಸರನ್ನು ಕುರಿತ ಶಬ್ದವಿಚಾರ

ಶಾಸ್ತ್ರವಿಷಯಗಳನ್ನು ಕನ್ನಡದಲ್ಲಿ ನಿರೂಪಿಸುವಾಗ ಪದವು ತಪ್ಪಿದರೆ ತತ್ತ್ವವೂ ತಪ್ಪುವುದೆಂಬುದಕ್ಕೆ ಆಳಸಮುದ್ರದ ಕೆಸರಿನ ವಿಚಾರವು ನಿದರ್ಶನವಾಗಿದೆ. ಈ ಪ್ರಸಂಗದಲ್ಲಿ ಬಳಕೆಗೆ ಬಂದಿರುವ ‘ಸಾವಯವ ವಸ್ತು’, ‘ಕೊಳೆಯುವಿಕೆ’, ‘ವಿಘಟನ’ ಎಂಬ ಮೂರು ಪದಗಳ ಯೋಗ್ಯತೆಯು ವಿಚಾರಾರ್ಹವಾದುದು.

ಮೊದಲನೆಯದು ‘ಸಾವಯವ’. ತರ್ಕಶಾಸ್ತ್ರದಲ್ಲಿ ಅವಯವಗಳಿಂದ ಕೂಡಿದುದೆಲ್ಲವೂ ಸಾವಯವವೇ. ಘಟವೂ ಸಾವಯವ, ಪಟವೂ ಸಾವಯವ. ಹೀಗಿರಲು ಜೀವಿಗಳಿಂದ ಹುಟ್ಟಿದ ಇಂಗಾಲಯುಕ್ತ ದ್ರವ್ಯಕ್ಕೆ ಈ ಹೆಸರನ್ನಿಟ್ಟರೆ ಅತಿವ್ಯಾಪ್ತಿದೋಷವು ಬರುವುದೆಂದು ಆಕ್ಷೇಪಿಸಬಹುದು. ಆದರೆ ಕೆಸರಿನಲ್ಲಿ ಹುಟ್ಟಿದುದೆಲ್ಲವನ್ನೂ ‘ಪಂಕಜ’ವೆನ್ನದೆ ತಾವರೆಯೊಂದನ್ನೇ ಹಾಗೆ ಕರೆಯುವಂತೆ, ಇಲ್ಲಿಯೂ ರೂಢಿಯು ಯೋಗಾರ್ಥವನ್ನು ಸಂಕೋಚಗೊಳಿಸಿದೆ. ಆದುದರಿಂದ ಈ ಪದವನ್ನು ಬಿಡಬೇಕಾದುದಿಲ್ಲ.

‘ಕೊಳೆಯುವಿಕೆ’ಯ ಮಾತು ಬೇರೆ. ಕೆರೆಯ ಗೋಡನ್ನು ಹೊಲಕ್ಕೆ ಹೊಡೆಯುವ ಬಾಗೂರು ಸೀಮೆಯ ರೈತನ ಕಣ್ಣೆದುರಿನಲ್ಲಿಯೇ ಸೊಪ್ಪುಸದೆಯು ಒಂದೆರಡು ಮಳೆಗಾಲಗಳಲ್ಲಿ ಕರಗಿ ಗೊಬ್ಬರವಾಗುವುದು. ಹಸಿ, ನಾತ, ಶೀಘ್ರತೆ ಇವೆಲ್ಲವೂ ಆ ಪದದೊಡನೆ ಸ್ಫುರಿಸುವುವು. ಕಡಲಡಿಯ ವ್ಯಾಪಾರವು ಹೀಗಲ್ಲ. ಮೇಲ್ನೀರಿನ ಸೂಕ್ಷ್ಮಸಸ್ಯಗಳು ನಿರ್ಮಿಸಿದ ದ್ರವ್ಯದಲ್ಲಿ ಸುಮಾರು ನೂರಕ್ಕೆ ಒಂದು ಪಾಲು ಮಾತ್ರ ಆಳದ ತಳವನ್ನು ಮುಟ್ಟುವುದು. ಅಲ್ಲಿ ಕೆಸರು ಸಾವಿರ ವರ್ಷಕ್ಕೆ ಕೆಲವು ಮಿಲಿಮೀಟರುಗಳಿಂದ ಕೆಲವು ಸೆಂಟಿಮೀಟರುಗಳಷ್ಟು ಮಾತ್ರ ಬೆಳೆಯುವುದು. ಸೂಕ್ಷ್ಮಜೀವಿಗಳು ಮೊದಲು ಆಮ್ಲಜನಕವನ್ನೂ, ಅದು ತೀರಿದಲ್ಲಿ ಕ್ರಮವಾಗಿ ನೈಟ್ರೇಟು, ಮ್ಯಾಂಗನೀಸು, ಕಬ್ಬಿಣ, ಸಲ್ಫೇಟುಗಳನ್ನೂ ಆಶ್ರಯಿಸಿ ಆ ದ್ರವ್ಯವನ್ನು ಒಡೆಯುವುವು. ಕಡೆಗೆ ಮೀಥೇನು ಹುಟ್ಟುವುದು. ಅರಬ್ಬೀ ಸಮುದ್ರದಲ್ಲಿ ಸುಮಾರು 150ರಿಂದ 1200 ಮೀಟರು ಆಳದವರೆಗೆ ಆಮ್ಲಜನಕವು ಅತ್ಯಲ್ಪವಾಗಿದ್ದು, ಆ ಇಳಿಜಾರಿನ ಕೆಸರಿನಲ್ಲಿ ಸಾವಯವ ಇಂಗಾಲವು ಹೆಚ್ಚಾಗಿ ಉಳಿದಿದೆ. ಆಮ್ಲಜನಕದ ಅಭಾವವೊಂದೇ ಇದಕ್ಕೆ ಕಾರಣವೇ ಎಂಬುದರಲ್ಲಿ ವಿದ್ವಾಂಸರಿಗೆ ಮತಭೇದವುಂಟು.

‘ವಿಘಟನ’ವು ನಿರ್ದುಷ್ಟವಾದ ಪದ, ಕೂಡಿದುದು ಬೇರೆಯಾಗುವುದೆಂಬ ಅರ್ಥವು ಸಾವಯವಕ್ಕೆ ಹೊಂದುವುದು. ಆದರೂ ಕಾಲದ ಸೂಚನೆಯು ಅದರಲ್ಲಿಲ್ಲ. 1964ರಲ್ಲಿ ರಾಬರ್ಟ್ ಬರ್ನರ್ ಎಂಬವರು ಸವೆತದ ವೇಗವು ಉಳಿದ ದ್ರವ್ಯದ ಪ್ರಮಾಣವನ್ನು ಅನುಸರಿಸುವುದೆಂದೂ, ಅದರ ಗುಣಕವು ಸ್ಥಿರವೆಂದೂ ಭಾವಿಸಿ ಲೆಕ್ಕವನ್ನು ಹೂಡಿದರು. 1989ರಲ್ಲಿ ಜ್ಯಾಕ್ ಮಿಡಲ್‌ಬರ್ಗ್ ಎಂಬವರು ಆ ಗುಣಕವೇ ದ್ರವ್ಯದ ವಯಸ್ಸಿನೊಡನೆ ಕುಗ್ಗುತ್ತ ಹೋಗುವುದೆಂದು ತೋರಿಸಿದರು. ಸುಲಭವಾದುದು ಮೊದಲು ಸವೆದು, ಕಠಿನವಾದುದು ಉಳಿಯುವುದು. ಮುದಿಯಾದಷ್ಟೂ ಸವೆತವು ನಿಧಾನ.

ಈ ವಿಶೇಷವನ್ನು ಹೇಳಲು ‘ಜರಣ’ವೆಂಬ ಪದವು ಸಮರ್ಥವಾಗಿದೆ. ಜೄ ಧಾತುವಿಗೆ ವಯೋಹಾನಿಯೆಂದು ಅರ್ಥ. ಕನ್ನಡದಲ್ಲಿ ‘ಜೀರ್ಣ’ವಾದ ಗುಡಿಯೆಂದರೆ ಹಳೆಯದು, ಉಂಡ ಅನ್ನವು ‘ಜೀರ್ಣ’ವಾಯಿತೆಂದರೆ ಅರಗಿತು. ಜೀವಿಗಳು ಅರಗಿಸುವುದು, ದ್ರವ್ಯವು ಮುದಿಯಾಗುವುದು ಎಂಬ ಎರಡೂ ಅಂಶಗಳು ಕಡಲಡಿಯಲ್ಲಿ ಏಕತ್ರ ಸೇರಿವೆ. ಜರಣವೆಂದರೆ ಉದರದ ವ್ಯಾಪಾರವೇ ಮೊದಲು ತೋರುವುದೆಂಬ ಆಕ್ಷೇಪವುಂಟು. ‘ಕೆಸರಿನ ಜರಣ’ವೆಂದು ವಿಶೇಷಿಸಿದರೆ ಅದು ಪರಿಹಾರವಾಗುವುದು. ಸಾಮಾನ್ಯಾರ್ಥಕ್ಕೆ ವಿಘಟನ, ಕಾಲಸಹಿತವಾದ ಅರ್ಥಕ್ಕೆ ಜರಣ, ಕೆರೆತಿಪ್ಪೆಗಳಿಗೆ ಕೊಳೆಯುವಿಕೆ ಎಂಬ ವ್ಯವಸ್ಥೆಯು ಯುಕ್ತ.

ಇದು ಬರಿಯ ಶಬ್ದಚರ್ಚೆಯಲ್ಲ. ಜರಣಕ್ಕೆ ಸಿಕ್ಕದೆ ಹೂಳಿಹೋದ ಅಲ್ಪಾಂಶದಿಂದಲೇ ಯುಗಾಂತರಗಳಲ್ಲಿ ವಾಯುಮಂಡಲದ ಆಮ್ಲಜನಕವು ನಿಂತಿದೆ. ಸಮುದ್ರವೂ ಕೆರೆಯಂತೆಯೇ ಕೊಳೆಯಿಸುವುದೆಂದು ಕಲಿತ ವಿದ್ಯಾರ್ಥಿಗೆ, ಅದು ಏತಕ್ಕೆ ಉಳಿಯಿತೆಂಬ ಪ್ರಶ್ನೆಯೇ ಹುಟ್ಟದು.